ನಿಮಗಿದು ಗೊತ್ತೆ? ಹಾಯಿದೋಣಿಯ ಒಳಗೂ ಕಾಲ ಬದಲಾಗಿದೆ

● 1971ರಲ್ಲಿ ಬಂದ ಬ್ರಿಟನ್ನಿನ ‘ಕಾಂಟೆಸ್ಸಾ 32’ ಹಾಯಿದೋಣಿಯ ಉದ್ದ ಸುಮಾರು 9.7 ಮೀಟರ್, ಅಗಲ 2.9 ಮೀಟರ್ ಮಾತ್ರ. ಇಂದು ಹೆಚ್ಚುಕಡಿಮೆ ಅಷ್ಟೇ ಉದ್ದದ ಹಲವು ದೋಣಿಗಳ ಅಗಲ 3.3 ಮೀಟರ್ ದಾಟುತ್ತದೆ.

● ಹಳೆಯ ದೋಣಿಗಳ ಹಿಂಭಾಗ ಕಿರಿದು; ಅಲ್ಲಿ ಒಬ್ಬರು ತೂರಿಕೊಂಡು ಮಲಗಬೇಕಿತ್ತು. ಈಗ ಅದೇ ಜಾಗದಲ್ಲಿ ಇಬ್ಬರು ಮಲಗುವ, ಬಾಗಿಲಿರುವ ಕೋಣೆ ಇರುತ್ತದೆ.

● ಹಳಬರ ಇಕ್ಕಟ್ಟಿನ ಹಾಸಿಗೆಗೂ ಕಾರಣವಿತ್ತು. ಗಾಳಿಗೆ ದೋಣಿ ವಾಲಿದಾಗ ಮಲಗಿದವರು ಉರುಳುವುದಿಲ್ಲ. ಹಾಸಿಗೆಯ ಬದಿಗೆ ಕ್ಯಾನ್ವಾಸ್ ಬಟ್ಟೆ ಕಟ್ಟುವುದೂ ಅದಕ್ಕೇ.

● ಕಾಗದದ ನಕ್ಷೆ ಹರಡಲು ಮೊದಲು ದೊಡ್ಡ ಮೇಜು ಬೇಕಿತ್ತು. ಜಿಪಿಎಸ್ ಪರದೆ ಬಂದ ಮೇಲೆ ಮೇಜು ಕುಗ್ಗಿತು, ಕೆಲವೆಡೆ ಮಾಯವೇ ಆಯಿತು.

● ಕಡು ಬಣ್ಣದ ತೇಗ, ಪುಟ್ಟ ಕಿಟಕಿಗಳ ಬದಲು ಈಗ ತಿಳಿ ಬಣ್ಣದ ಮರ, ಉದ್ದನೆಯ ಗಾಜು.

● ಬದಲಾಗದ್ದು ಒಲೆ! ದೋಣಿ ವಾಲಿದರೂ ಪಾತ್ರೆ ಮಟ್ಟವಾಗಿ ನಿಲ್ಲುವಂತೆ ಅದು ಇಂದಿಗೂ ತೂಗಾಡುತ್ತದೆ.

● 1979ರ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆ ಭೀಕರ ಬಿರುಗಾಳಿಗೆ ಸಿಕ್ಕಿತು. ಅತಿ ಸಣ್ಣ ದೋಣಿಗಳ ವಿಭಾಗದಲ್ಲಿ ಗುರಿ ಮುಟ್ಟಿದ್ದು ಒಂದೇ: ಅದೇ ಕಿರಿದಾದ ಕಾಂಟೆಸ್ಸಾ 32 ಮಾದರಿಯ ‘ಅಸೆಂಟ್’.