ಮುತ್ತುಗಕ್ಕೆ ಪರಿಮಳವೇಕಿಲ್ಲ?

ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಮುತ್ತುಗ ಹೂಬಿಟ್ಟು ನಿಲ್ಲುತ್ತದೆ. ಎಲೆಯುದುರಿದ, ಅಂಕುಡೊಂಕಾದ ಈ ಮರ ದೂರದಿಂದ ನೋಡುವವರಿಗೆ ಹೊತ್ತಿ ಉರಿಯುವಂತೆಯೇ ಕಾಣುತ್ತದೆ. ಗಾಯಗೊಂಡು ನೆತ್ತರು ಸುರಿಸುವ ವೀರರನ್ನು ರಾಮಾಯಣ, ಮಹಾಭಾರತಗಳು ಹೂಬಿಟ್ಟ ಮುತ್ತುಗಕ್ಕೆ ಹೋಲಿಸುತ್ತವೆ. ಗಿಳಿಯ ಕೊಕ್ಕಿನಂತೆ ಬಾಗಿದ ಎಸಳನ್ನು ಕಂಡವರು ‘ಇದೇನು ಗಿಳಿಯೇ?’ ಎಂಬ ಅರ್ಥ ಬರುವಂತೆ ಅದನ್ನು ಕಿಂಶುಕವೆಂದರು. ಪಲಾಶ ಎಂಬುದು ಇನ್ನೊಂದು ಹೆಸರು. 1757ರ ಕದನದಿಂದ ಚರಿತ್ರೆಗೆ ಸೇರಿದ ಬಂಗಾಳದ ಪ್ಲಾಸಿ, ಅಂದರೆ ಪಲಾಶಿ, ಈ ಮರದಿಂದಲೇ ಹೆಸರು ಪಡೆದ ಊರು.

ಇಷ್ಟೆಲ್ಲ ಮೆರೆದರೂ ಮುತ್ತುಗಕ್ಕೆ ಒಂದು ಅಪವಾದ ತಪ್ಪಲಿಲ್ಲ. ರೂಪ, ಕುಲಗಳಿದ್ದೂ ವಿದ್ಯೆಯಿಲ್ಲದವನನ್ನು ಸಂಸ್ಕೃತದ ಸುಭಾಷಿತವೊಂದು ಪರಿಮಳವಿಲ್ಲದ ಕಿಂಶುಕಕ್ಕೆ ಹೋಲಿಸಿ ಹಳಿಯುತ್ತದೆ.

ಆದರೆ ಮರ ಹೂ ಬಿಡುವುದು ನಮ್ಮ ಮೂಗಿಗಾಗಿ ಅಲ್ಲವಷ್ಟೆ. ಮುತ್ತುಗದ ಮುಖ್ಯ ಅತಿಥಿಗಳು ಸೂರಕ್ಕಿ, ಗೊರವಂಕದಂಥ ಹಕ್ಕಿಗಳು. ಹೂವನ್ನು ಅವು ಹುಡುಕುವುದು ಹೆಚ್ಚಾಗಿ ಕಣ್ಣಿನಿಂದ, ವಾಸನೆಯಿಂದಲ್ಲ. ಜೇನುಹುಳುಗಳಿಗೆ ಸರಿಯಾಗಿ ಕಾಣಿಸದ ಕೆಂಪು ಬಣ್ಣ ಹಕ್ಕಿಗಳಿಗೆ ಚೆನ್ನಾಗಿ ಕಾಣುತ್ತದೆ. ಹೂವನ್ನು ಮರೆಮಾಡಲು ಎಲೆಗಳೂ ಇರುವುದಿಲ್ಲ. ಮಕರಂದಕ್ಕೆ ಕೊಕ್ಕು ಚಾಚಿದ ಹಕ್ಕಿಗೆ ಪರಾಗ ಮೆತ್ತಿಕೊಂಡು ಇನ್ನೊಂದು ಮರವನ್ನು ಸೇರುತ್ತದೆ. ಹೀಗೆ ಬಣ್ಣದಿಂದಲೇ ಕೆಲಸ ನಡೆಯುವಾಗ ಪರಿಮಳದ ಹಂಗೇಕೆ?

ಸುಭಾಷಿತ ಏನೇ ಹೇಳಲಿ, ಜನ ಮುತ್ತುಗವನ್ನು ಕೈಬಿಡಲಿಲ್ಲ. ಮೂರು ಮೂರಾಗಿ ಮೂಡುವ ಅದರ ಅಗಲ ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚಿದರೆ ಊಟದ ಎಲೆ. ಹೂ ಕುದಿಸಿದರೆ ಹೋಳಿಯ ಓಕುಳಿ. ಒಣಗಿದ ಕಡ್ಡಿ ಹೋಮದ ಸಮಿತ್ತು. ಕೊಂಬೆ ಉಪನಯನದ ವಟುವಿನ ಕೈಯ ದಂಡ. ಅರಗಿನ ಹುಳುಗಳನ್ನು ಸಾಕುವುದೂ ಈ ಮರದ ಮೇಲೆಯೇ.

ಈ ನಂಟು ಈಗ ಸಡಿಲವಾಗಿದೆ. ರಸ್ತೆಯಂಚಿಗೆ ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಬಂತು, ಪಂಕ್ತಿಗೆ ಪ್ಲಾಸ್ಟಿಕ್ ತಟ್ಟೆ ಬಂತು. ಎಲೆ ಹಚ್ಚುವವರಿಲ್ಲದ ಮೇಲೆ ಹೊಲದ ಬದುವಿನ ಮುತ್ತುಗ ಬರೀ ಸೌದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗಳನ್ನು ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಉಂಡೆದ್ದ ಮೇಲೆ ಮಣ್ಣಿಗೇ ಸೇರುವ ಮುತ್ತುಗದೆಲೆಯನ್ನು ಮತ್ತೆ ಪಂಕ್ತಿಗೆ ಕರೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಎಲೆಗೆ ಬೆಲೆ ಬಂದರೆ ಬದುವಿನ ಮರ ಉಳಿದೀತು. ಮರ ಉಳಿದರೆ ಸೂರಕ್ಕಿಯ ಪಾಲಿನ ಹೂವೂ ಉಳಿದೀತು.