ಮಸೂರದ ಕೊರಳಿನ ಅಂಕಿಗಳು

ಹೊಸದಾಗಿ ಕ್ಯಾಮೆರಾ ಹಿಡಿದವನು, ಅದು ಫಿಲ್ಮಿನದಾಗಿರಲಿ ಡಿಜಿಟಲ್ ಆಗಿರಲಿ, ಮೊಟ್ಟಮೊದಲು ಎಡವುವುದು ಮಸೂರದ ಕೊರಳಿನ ಸುತ್ತ ಕೆತ್ತಿರುವ ಅಂಕಿಗಳ ಬಳಿ: 1.4, 2, 2.8, 4, 5.6, 8, 11, 16. ಎಣಿಕೆಯ ಯಾವ ಕ್ರಮಕ್ಕೂ ಒಳಪಡದಂತೆ ತೋರುವ ಈ ಸಾಲನ್ನು ಕಲಿಯುವವರು ಮಗ್ಗಿಯಂತೆ ಉರುಹೊಡೆಯುವುದುಂಟು; ಅದು ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ. ವಿಚಾರಿಸಿದರೆ ಉರುಹೊಡೆಯುವ ಶ್ರಮವೇ ತಪ್ಪೀತು.

ಫ್ರಾನ್ಸಿನ ನಿಯೆಪ್ಸ್ ಮಹಾಶಯನು 1826-27ರ ಸುಮಾರಿನಲ್ಲಿ, ತನ್ನ ಮನೆಯ ಕಿಟಕಿಯಿಂದ ಕಾಣುವ ಮಾಡುಗಳನ್ನು ಡಾಂಬರಿನ ಜಾತಿಯ ದ್ರವ್ಯವನ್ನು ಲೇಪಿಸಿದ ಲೋಹದ ಫಲಕದ ಮೇಲೆ ಮೂಡಿಸಿದಾಗ, ಅದಕ್ಕೆ ಹಿಡಿದ ಕಾಲ ಕಡಿಮೆಯೆಂದರೂ ಎಂಟು ಗಂಟೆ. 1839ರಲ್ಲಿ ಡಾಗೇರನ ವಿಧಾನ ಪ್ರಕಟವಾದಾಗ ಗಂಟೆಗಳು ನಿಮಿಷಗಳಿಗಿಳಿದವು. ಮರುವರ್ಷ ವಿಯೆನ್ನಾದ ಗಣಿತಜ್ಞ ಪೆಟ್ಸ್‌ವಾಲ್ ಲೆಕ್ಕಹಾಕಿ ರೂಪಿಸಿದ ವಿಶಾಲರಂಧ್ರದ ಮಸೂರದಿಂದ, ಮನುಷ್ಯನೊಬ್ಬನು ಅಲುಗದೆ ಕುಳಿತಿರಬಲ್ಲಷ್ಟು ಹೊತ್ತಿನಲ್ಲಿ ಅವನ ಭಾವಚಿತ್ರ ತೆಗೆಯುವುದು ಸಾಧ್ಯವಾಯಿತು. ಆಗಲೂ ಶಟರಿನ ಅಗತ್ಯ ಬೀಳಲಿಲ್ಲ. ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, ಬಾಯಲ್ಲಿ ಎಣಿಸಿ, ಮತ್ತೆ ಮುಚ್ಚಿದರೆ ಕೆಲಸ ಮುಗಿಯಿತು. ಅಂದಾಜೇ ಅಂದಿನ ಶಾಸ್ತ್ರ.

ಈ ನೆಮ್ಮದಿಯನ್ನು ಕೆಡಿಸಿದುದು ವೇಗ. ಇಂಗ್ಲೆಂಡಿನ ವೈದ್ಯ ಮ್ಯಾಡಕ್ಸ್ 1871ರಲ್ಲಿ ಸೂಚಿಸಿದ ಜಿಲೆಟಿನ್ ಲೇಪದ ಒಣಫಲಕಗಳು ಹತ್ತಾರು ವರ್ಷಗಳಲ್ಲೇ ಎಷ್ಟು ಸೂಕ್ಷ್ಮವಾದುವೆಂದರೆ, ಸೆಕೆಂಡಿನ ಒಂದಂಶದಷ್ಟು ಬೆಳಕೇ ಅವಕ್ಕೆ ಸಾಕಾಯಿತು. ಅಷ್ಟನ್ನು ಕೈಯಿಂದ ಅಳೆದುಕೊಡುವುದೆಂತು? ಯಂತ್ರದ ಶಟರು ಬಂದಿತು. ಅದರೊಡನೆ ಅಂಕಿಗಳ ಜಗಳವೂ ಬಂದಿತು.

ಮಸೂರದ ಕೊಳವೆಯಲ್ಲಿ ಒಂದು ಸೀಳು ಮಾಡಿ, ಬೇರೆ ಬೇರೆ ಅಳತೆಯ ತೂತುಗಳಿರುವ ಹಿತ್ತಾಳೆಯ ತಗಡುಗಳನ್ನು ಅದರೊಳಕ್ಕೆ ತೂರಿಸಿ ಬೆಳಕನ್ನು ಹತೋಟಿಯಲ್ಲಿಡುವ ಉಪಾಯವನ್ನು ವಾಟರ್‌ಹೌಸ್ ಎಂಬಾತ 1858ರಲ್ಲಿಯೇ ಕಂಡುಹಿಡಿದಿದ್ದನು. ಆದರೆ ಅಂಥ ತೂತುಗಳನ್ನು ಎಣಿಸುವ ರೀತಿಯಲ್ಲಿ ತಯಾರಕರು ಒಂದಾಗಲಿಲ್ಲ. 1880ರ ದಶಕದಲ್ಲಿ ಬ್ರಿಟನ್ನಿನ ಛಾಯಾಗ್ರಾಹಕರ ಸಂಘವು ಏಕರೂಪದ ಪದ್ಧತಿಯೊಂದನ್ನು ವಿಧಿಸಿತು: ಇಂದಿನ ಎಫ್ 4 ಅಲ್ಲಿ 1, ಎಫ್ 5.6 ಅಲ್ಲಿ 2. ಎಫ್ 8 ಅಲ್ಲಿ 4. ಅಂಕಿ ಇಮ್ಮಡಿಯಾದರೆ ಬೆಳಕು ಬೀಳಬೇಕಾದ ಕಾಲವೂ ಇಮ್ಮಡಿ. ಈ ಪದ್ಧತಿಯೇ ಉಳಿದಿದ್ದರೆ ಶಿಕ್ಷಾರ್ಥಿಗೆ ಎಷ್ಟೋ ಸುಖವಾಗುತ್ತಿತ್ತೆಂದು ನನ್ನ ಅಭಿಪ್ರಾಯ. ಕೊಡಕ್ ಕಂಪನಿಯ ಕ್ಯಾಮೆರಾಗಳಲ್ಲಿ ಅದು ಬಹುಕಾಲ ನಡೆದುಬಂದಿತು. ಆದರೂ ಕಡೆಗೆ ಗೆದ್ದುದು ಸರಳ ಅನುಪಾತ. ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 50 ಮಿಲಿಮೀಟರಿನ ಮಸೂರದಲ್ಲಿ 25 ಮಿಲಿಮೀಟರ್ ರಂಧ್ರವೆಂದರೆ ಎಫ್ 2. ಹನ್ನೆರಡೂವರೆಯೆಂದರೆ ಎಫ್ 4. ವ್ಯಾಸ ಅರ್ಧವಾದಾಗ ರಂಧ್ರದ ಕ್ಷೇತ್ರಫಲ ಕಾಲುಭಾಗಕ್ಕಿಳಿಯುವುದರಿಂದ, ಬೆಳಕನ್ನು ಕೇವಲ ಅರ್ಧಕ್ಕಿಳಿಸಬೇಕಾದವನು ಎರಡರ ವರ್ಗಮೂಲವಾದ 1.4ರಿಂದ ಗುಣಿಸಿಕೊಂಡು ಹೋಗಬೇಕು. ಆ ವಿಚಿತ್ರ ಸಾಲಿನ ರಹಸ್ಯವಿಷ್ಟೇ. ಶಟರಿನ ಹಳೆಯ 1/25, 1/50, 1/100 ಅಂಕಿಗಳೂ ಕಾಲಾಂತರದಲ್ಲಿ 1/30, 1/60, 1/125 ಆಗಿ ಇದೇ ಇಮ್ಮಡಿಯ ನಿಯಮಕ್ಕೆ ಹೊಂದಿಕೊಂಡವು.

ಮೂರನೆಯ ಅಂಕಿ ಫಿಲ್ಮಿನ ಸೂಕ್ಷ್ಮತೆಯದು. ವಿಡ್ನೆಸ್ ಪಟ್ಟಣದ ರಾಸಾಯನಿಕ ಉದ್ಯಮದಲ್ಲಿದ್ದ ಹರ್ಟರ್ ಎಂಬ ರಸಾಯನಜ್ಞನೂ ಡ್ರಿಫೀಲ್ಡ್ ಎಂಬ ಎಂಜಿನಿಯರನೂ ಕೂಡಿ, ಪ್ರಮಾಣಬದ್ಧವಾದ ಮೇಣದಬತ್ತಿಯ ಬೆಳಕನ್ನು ಫಲಕಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ತೋರಿಸಿ, ಪ್ರತಿಸಲವೂ ಎಷ್ಟು ಕಪ್ಪಾಯಿತೆಂಬುದನ್ನು ಅಳೆದು, ಅದನ್ನು ರೇಖೆಯಾಗಿ ಬರೆದು 1890ರಲ್ಲಿ ಪ್ರಕಟಿಸಿದರು. ಆ ರೇಖೆ ಬುಡದಲ್ಲಿ ಮಂದವಾಗಿ ಏಳುತ್ತದೆ, ನಡುವೆ ನೇರವಾಗಿ ಏರುತ್ತದೆ, ತುದಿಯಲ್ಲಿ ಮೆಲ್ಲನೆ ಬಾಗುತ್ತದೆ. ಮುಂದೆ ಜರ್ಮನಿಯಲ್ಲಿ 1934ರಲ್ಲಿ ಡಿಐಎನ್, ಅಮೆರಿಕದಲ್ಲಿ 1943ರಲ್ಲಿ ಎಎಸ್‌ಎ ಎಂಬ ಮಾನಕಗಳು ಹುಟ್ಟಿ, 1974ರಲ್ಲಿ ಐಎಸ್‌ಒ ಎಂಬ ಒಂದೇ ಹೆಸರಿನಲ್ಲಿ ಕೂಡಿಕೊಂಡವು. ಉದಕಮಂಡಲದಲ್ಲಿ ತಯಾರಾಗುತ್ತಿದ್ದ ನಮ್ಮ ‘ಇಂದು’ ಫಿಲ್ಮನ್ನು ಕ್ಯಾಮೆರಾಕ್ಕೆ ತುಂಬುತ್ತಿದ್ದವರೂ ಮೊದಲು ಗಮನಿಸಬೇಕಾಗಿದ್ದುದು ಈ ಅಂಕಿಯನ್ನೇ.

1975ರಲ್ಲಿ ಕೊಡಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ, ಹತ್ತು ಸಾವಿರ ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಂಡಿತು. ಬೆಳ್ಳಿಯ ಲವಣ ಹೋಗಿ ಸಿಲಿಕಾನ್ ಬಂದರೂ ಮೂರು ಅಂಕಿಗಳು ಕದಲಲಿಲ್ಲ. ಒಳಗಿನ ವರ್ತನೆ ಮಾತ್ರ ಬೇರೆಯಾಯಿತು. ಡಿಜಿಟಲ್‌ನಲ್ಲಿ ಐಎಸ್‌ಒ ಏರಿಸಿದರೆ ಸಂವೇದಕಕ್ಕೆ ಬೀಳುವ ಬೆಳಕು ಹೆಚ್ಚುವುದಿಲ್ಲ; ಬಿದ್ದ ಬೆಳಕಿನ ಸಂಕೇತವೇ ವರ್ಧಿತವಾಗುತ್ತದೆ, ಅದರೊಡನೆ ಕಾಳುಕಾಳಾದ ಗೊಂದಲವೂ ಎದ್ದುಕಾಣುತ್ತದೆ. ಹರ್ಟರ್ ಮತ್ತು ಡ್ರಿಫೀಲ್ಡರ ರೇಖೆಯ ಆ ಸೌಮ್ಯವಾದ ತುದಿಯೂ ಇಲ್ಲಿಲ್ಲ: ಸಂವೇದಕವು ತುಂಬಿದೊಡನೆ ಅತಿಬೆಳಕಿನ ಭಾಗ ಬರಿಯ ಬಿಳುಪಾಗುತ್ತದೆ, ಆಮೇಲೆ ಯಾವ ತಿದ್ದುವಿಕೆಯಿಂದಲೂ ವಿವರ ಮರಳದು. ಆದುದರಿಂದಲೇ ನೆಗೆಟಿವ್ ಫಿಲ್ಮಿನವನು ನೆರಳನ್ನು ನೋಡಿ ಅಳೆಯಬೇಕು, ಡಿಜಿಟಲ್‌ನವನು ಬೆಳಕನ್ನು ಕಾಯಬೇಕು.

ಕಲಿಯಬಯಸುವವರಲ್ಲಿ ಒಂದು ವಿಜ್ಞಾಪನೆ. ನಡುಹಗಲ ಬಿಸಿಲಿನಲ್ಲಿ ಸ್ವಯಂಚಾಲಿತ ವ್ಯವಸ್ಥೆಯನ್ನು ಬಿಟ್ಟು, ಐಎಸ್‌ಒ 100, ಎಫ್ 16, 1/125 ಇಟ್ಟು ಒಂದು ಚಿತ್ರ ತೆಗೆಯಿರಿ. ಅನಂತರ ಎಫ್ 8, 1/500 ಇಟ್ಟು ಅದೇ ದೃಶ್ಯವನ್ನು ಇನ್ನೊಮ್ಮೆ ತೆಗೆಯಿರಿ. ಬೆಳಕು ಎರಡರಲ್ಲಿಯೂ ಒಂದೇ ಆಗಿರುತ್ತದೆ; ಸ್ಪಷ್ಟತೆಯ ಆಳದಲ್ಲಿ ಏನು ವ್ಯತ್ಯಾಸವಾಯಿತೆಂಬುದನ್ನು ನೀವೇ ನೋಡಿಕೊಳ್ಳಿ.