ಥೈರಾಯ್ಡ್: ರಕ್ತಪರೀಕ್ಷೆಯ ಅರ್ಥವೇನು?

ಕಾಯಕಕ್ಕೆ ಕಾಯವೇ ಸಾಧನ. ಆ ಕಾಯದ ಚಟುವಟಿಕೆಯ ವೇಗವನ್ನು ನಿರ್ಧರಿಸುವುದು ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ. ಅದು ಅಯೋಡಿನ್ ಬಳಸಿ ಟಿ-3, ಟಿ-4 ಹಾರ್ಮೋನುಗಳನ್ನು ಸ್ರವಿಸುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಮೂಲಕ ಅದನ್ನು ಪ್ರಚೋದಿಸುತ್ತದೆ.

ಮೋಟೆಬೆನ್ನೂರಿನ ಹೊಲದಲ್ಲಿ ಗಳೆ ಹೊಡೆಯುವ ರೈತನನ್ನು ನೆನೆಯಿರಿ. ಎತ್ತು ನಿಧಾನಿಸಿದರೆ ಅವನ ಕೂಗು ಏರುತ್ತದೆ, ಚುರುಕಾದರೆ ಇಳಿಯುತ್ತದೆ. ಥೈರಾಯ್ಡ್ ಎತ್ತಾದರೆ ಟಿ.ಎಸ್.ಎಚ್. ಆ ಕೂಗು. ವರದಿಯಲ್ಲಿ ಟಿ.ಎಸ್.ಎಚ್. ಹೆಚ್ಚಿ ಟಿ-4 ತಗ್ಗಿದ್ದರೆ, ಗ್ರಂಥಿ ಸೋತಿದೆಯೆಂದು ಅರ್ಥ.

ಗಳಗಂಡದ ತಡೆಗೆ ಭಾರತ ಸರಕಾರವು 1962ರಲ್ಲಿ ಕಾರ್ಯಕ್ರಮ ಆರಂಭಿಸಿ ಅಯೋಡಿನ್‌ಯುಕ್ತ ಉಪ್ಪನ್ನು ಬಳಕೆಗೆ ತಂದಿತು. ಆದರೆ ಆ ಉಪ್ಪನ್ನು ಸೇವಿಸುವವರಲ್ಲಿಯೂ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯನ್ನು ಕೆಡಿಸಬಹುದು. ಆಯಾಸ, ಮೈಭಾರ, ಚಳಿ ತಾಳದಿರುವಿಕೆ, ಮುಟ್ಟಿನ ಏರುಪೇರು ಇದರ ಲಕ್ಷಣಗಳು. ಮನೆಯ ಹೆಣ್ಣುಮಗಳಲ್ಲಿ ಇವು ಕಂಡಾಗ ಸೋಮಾರಿಯೆಂದು ಹಳಿಯುವುದು ಅನ್ಯಾಯ. ರಕ್ತಪರೀಕ್ಷೆ ಮಾಡಿಸುವುದು ಧರ್ಮ.

ಮಾತ್ರೆಯ ಪ್ರಮಾಣ ಬದಲಾದರೆ 6ರಿಂದ 8 ವಾರಗಳ ನಂತರ ಮರುಪರೀಕ್ಷೆ ಅಗತ್ಯ. ರಕ್ತದಲ್ಲಿ ಹೊಸ ಸಮತೋಲನ ಮೂಡಲು ಅಷ್ಟು ಕಾಲ ಬೇಕು. ವರದಿ ಸರಿಯಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು; ಅದು ಸರಿಯಾದದ್ದು ಮಾತ್ರೆಯ ಬಲದಿಂದಲೇ. ಗರ್ಭಿಣಿಯರಂತೂ ಎಂದಿಗೂ ಹಾಗೆ ಮಾಡಕೂಡದು. ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ.